ಹುಲಿ ಕೊನೆಗಿರಲಿ

ಹಳೆಯ ಅರಮನೆ, ಬಂಗಲೆಗಳಲ್ಲಿ ಗೈಡ್ ಕೆಲಸಕ್ಕೆ ಹೊಸದಾಗಿ ಸೇರಿದ ಹುಡುಗ ಹುಡುಗಿಯರು ಒಮ್ಮೊಮ್ಮೆ ನಮ್ಮ ಮನೆ ಹುಡುಕಿಕೊಂಡು ಬರುತ್ತಾರೆ. ಕಾಫಿ ಕುಡಿದು ಮುಗಿಸುವುದರೊಳಗೆ, 'ಸರ್, ಯಾವ ಪುಸ್ತಕ ಓದಬೇಕು?' ಎಂದು ಕೇಳುತ್ತಾರೆ. ಪುಸ್ತಕ ಆಮೇಲೆ ಓದಿ, ಮೊದಲು ಕಕ್ಕಸ್ಸು ಎಲ್ಲಿದೆ, ನೀರಿನ ನಲ್ಲಿ ಎಲ್ಲಿದೆ ತಿಳಿದುಕೊಳ್ಳಿ ಎನ್ನುತ್ತೇನೆ. ಬಸ್ಸಿನಲ್ಲಿ ಕುಲುಕಾಡಿಕೊಂಡು ಬಂದ ಮನುಷ್ಯನಿಗೆ ದೊರೆಗಳ ವಂಶಾವಳಿ ಹೇಳಲು ಹೋದರೆ ಅವನ ಕಣ್ಣು ನಿಮ್ಮ ಮೇಲಿರುತ್ತದೆ, ಪ್ರಾಣ ಬೇರೆಲ್ಲೋ ಇರುತ್ತದೆ. ಹುಡುಗರು ನಗುತ್ತಾರೆ. ಇನ್ನೊಂದು ಮಾತನ್ನೂ ಹೇಳುತ್ತೇನೆ: ಹುಲಿಯನ್ನು ಕೊನೆಗೆ ತೋರಿಸಿ. ಅದಕ್ಕೆ ಅವರು ನಗುವುದಿಲ್ಲ, ಯಾಕೆ ಎನ್ನುತ್ತಾರೆ. ಆ 'ಯಾಕೆ'ಗೆ ಒಂದು ಕಾಫಿಯಲ್ಲಿ ಉತ್ತರ ಮುಗಿಯುವುದಿಲ್ಲವಾದ್ದರಿಂದ ಇಲ್ಲಿ ಬರೆದಿಡುತ್ತಿದ್ದೇನೆ.

ನಾನು ಮೊದಲು ಕೆಲಸ ಮಾಡಿದ್ದು ನಂಜನಗೂಡು ತಾಲ್ಲೂಕಿನಲ್ಲಿ, ಹುಲ್ಲಹಳ್ಳಿ ದಾಟಿ ಕಾಡಿನ ಅಂಚಿಗೆ ಹೋದರೆ ಸಿಗುತ್ತಿದ್ದ ಬೇಟೆ ಅರಮನೆಯಲ್ಲಿ. ಅರಮನೆ ಎಂದು ಬೋರ್ಡಿನಲ್ಲಿ ಬರೆದಿತ್ತು. ಸುತ್ತಲ ಹಳ್ಳಿಯವರ ಬಾಯಲ್ಲಿ ಅದು ಬಂಗಲೆ. ಬೇಟೆ ನಿಂತುಹೋಗಿತ್ತು, ದೊರೆಗಳು ಬರುವುದೂ ನಿಂತಿತ್ತು, ಮಂಚ ಕುರ್ಚಿ ಪಿಂಗಾಣಿ ತಟ್ಟೆಗಳು ಮಾತ್ರ ಅವರಿಗಾಗಿ ಕಾದುಕೊಂಡೇ ಇದ್ದವು. ಸರ್ಕಾರ ಅದನ್ನು ವಹಿಸಿಕೊಂಡು, ಕೋಣೆಗಳಿಗೆ ಹಗ್ಗ ಕಟ್ಟಿ, ಗೇಟಿನಲ್ಲಿ ಟಿಕೆಟ್ ಕೊಡಲು ಶುರುಮಾಡಿದ ಹೊಸತರಲ್ಲಿ, ಎಪ್ಪತ್ತರ ದಶಕದ ಕೊನೆಗೆ, ನಾನು ಗೈಡ್ ಆಗಿ ಸೇರಿದೆ.

ನಮ್ಮ ಕೇರಿಯಲ್ಲಿ ಬಿ.ಎ. ಪಾಸು ಮಾಡಿದವರಲ್ಲಿ ನಾನೇ ಮೊದಲಿಗ. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಹಾಸ್ಟೆಲಿನ ತಿಳಿಸಾರು ಕುಡಿದು, ಪಕ್ಕದವನು ಮಲಗಿದ ಮೇಲೆ ಅವನ ಪುಸ್ತಕ ಓದಿ ಗಳಿಸಿದ ಪದವಿ ಅದು. ಸಂಕೋಚಪಡಬೇಕಾದವರು ಸುಲಭವಾಗಿ ಪಾಸಾದವರು.

ನಮ್ಮೂರು ಬಂಗಲೆಗೆ ಕೂಗಳತೆಯಲ್ಲೇ ಇತ್ತು. ದೊರೆಗಳು ಬೇಟೆಗೆ ಬಂದಾಗ ತಮಟೆ ಬಡಿದು, ಕೇಕೆ ಹಾಕಿ, ಪೊದೆಯಲ್ಲಿ ಅಡಗಿದ ಪ್ರಾಣಿಯನ್ನು ಎಬ್ಬಿಸಿ ಬಂದೂಕಿನ ಕಡೆಗೆ ಸೋವುವುದು ನಮ್ಮ ಕೇರಿಯವರ ಕೆಲಸ. ನಮ್ಮಪ್ಪ ನಿಂಗಯ್ಯ ಹರೆಯದಲ್ಲಿ ಅದನ್ನು ಮಾಡಿದವನು. ಬೇಟೆ ಮುಗಿದ ಮೇಲೆ ಸೋವಿದವರೆಲ್ಲ ಬಂಗಲೆಯ ಹಿತ್ತಿಲಿನ ಹುಣಸೆ ಮರದ ಕೆಳಗೆ ಕೂರಬೇಕು, ಅಡುಗೆಮನೆಯ ಬಾಗಿಲಿನಿಂದ ಅನ್ನ ಸಾರು ಎಲೆಗೆ ಬೀಳುತ್ತಿತ್ತು, ಉಂಡು ಎದ್ದು ಹೋಗಬೇಕು. ಬಾಗಿಲು ದಾಟುವ ಮಾತೇ ಇಲ್ಲ.

ನನಗೆ ಕೆಲಸ ಸಿಕ್ಕಿದ ದಿನ ಮನಸ್ಸಿನಲ್ಲಿ ಒಂದೇ ಆಸೆ ಇತ್ತು. ಸಂಬಳದ್ದಲ್ಲ. ಬಂಗಲೆಯ ಬೀಗದ ಕೈ ಗೊಂಚಲು ಈಗ ನನ್ನ ಸೊಂಟದಲ್ಲಿದೆ, ಅಪ್ಪನನ್ನು ಒಳಗೆ ಕರೆದುಕೊಂಡು ಹೋಗಿ ಒಂದೊಂದು ಕೋಣೆಯನ್ನೂ ತೋರಿಸಬೇಕು. ಅದೇನು ಮಹಾ, ಈ ವಾರವೇ ಆಗುತ್ತದೆ ಎಂದುಕೊಂಡಿದ್ದೆ. ವರ್ಷಗಳು ಹೋದವು.

ಅಪ್ಪ ದಿನ ಬಿಟ್ಟು ದಿನ ನನಗೆ ಮುದ್ದೆ ತರುತ್ತಿದ್ದ. ಹೊಲದ ಕಡೆಯಿಂದ ಬಂದು, ಹಿತ್ತಿಲಿನ ಹುಣಸೆ ಮರದ ಕೆಳಗೆ ಕುಕ್ಕರಗಾಲಲ್ಲಿ ಕೂತು, ಬುತ್ತಿ ಬಿಚ್ಚುತ್ತಿದ್ದ. ನಾನು ಬಂದು ಉಣ್ಣುತ್ತಿದ್ದೆ. 'ಒಳಕ್ಕೆ ಬಾಪ್ಪ' ಎಂದರೆ ಶುರುವಾಗುತ್ತಿತ್ತು.

"ನಾನ್ಯಾಕ್ಲಾ ಒಳಿಕ್ ಬರ್ಲಿ? ಒಳ್ಗೇನ್ ಉಲ್ಲು ಬೆಳ್ದದಾ, ಕುಯ್ಯಾಕೆ?"

"ನೋಡಾಕೆ ಕಣಪ್ಪ."

"ನೋಡಾಕೇನದೆ? ಮಂಚ ಅದೆ ಅಂತೀಯ, ಮಲಗಂಗಿಲ್ಲ ಅಂತೀಯ. ಕುರ್ಚಿ ಅದೆ ಅಂತೀಯ, ಕೂರಂಗಿಲ್ಲ ಅಂತೀಯ. ತಟ್ಟೆ ಜೋಡ್ಸವ್ರೆ, ಊಟ ಇಲ್ಲ. ಅಂತಾ ಮನೆಗೆ ಯಾವ ನೆಂಟ್ರು ಬತ್ತಾರ್ಲಾ?"

ಇದಕ್ಕೆ ಬಿ.ಎ.ಯಲ್ಲಿ ಉತ್ತರ ಹೇಳಿಕೊಟ್ಟಿರಲಿಲ್ಲ. ಒಂದು ಸಲ ಕೈ ಹಿಡಿದು ಮುಂಬಾಗಿಲಿನ ಕಡೆಗೆ ಎಳೆದೇ ಬಿಟ್ಟೆ. ಬಂಗಲೆಯ ಮೂಲೆ ತಿರುಗುವವರೆಗೆ ಬಂದವನು ಅಲ್ಲೇ ನಿಂತ. ನಗು ಇರಲಿಲ್ಲ. "ಬುಡ್ಲಾ ಕೂಸೆ. ನನ್ ಕಾಲು ಆ ಕಡೀಕ್ ಓಯ್ತಾ ಇಲ್ಲ" ಎಂದ. ನಾನು ಕೈ ಬಿಟ್ಟೆ. ಆಮೇಲೆ ಎಳೆಯಲಿಲ್ಲ. ಆಸೆಯನ್ನೂ ಬಿಡಲಿಲ್ಲ.

ಬಂಗಲೆಯಲ್ಲಿ ನನಗಿಂತ ಮುಂಚಿನಿಂದ ಇದ್ದವರು ಪುಟ್ಟಸ್ವಾಮಿಯವರು. ಹುಡುಗನಾಗಿದ್ದಾಗಲೇ ದೊರೆಗಳ ಅಡುಗೆಮನೆಗೆ ಸೇರಿ, ದೊರೆಗಳು ಹೋದ ಮೇಲೆ ಬಂಗಲೆಯ ಜೊತೆಗೆ ಸರ್ಕಾರಕ್ಕೆ ವರ್ಗಾವಣೆಯಾದವರು. ಅಟೆಂಡರ್ ಎಂದು ಹುದ್ದೆ, ರೀತಿ ಮಾತ್ರ ದಿವಾನರದು. ದೊಡ್ಡ ಮಲಗುವ ಕೋಣೆಯ ಬಾಗಿಲು ತೆಗೆಯುವ ಮೊದಲು ಎರಡು ಸಲ ಕೆಮ್ಮುತ್ತಿದ್ದರು. ಒಳಗೆ ಮಲಗಿದವರಿಗೆ ಎಚ್ಚರವಾಗಲಿ ಎಂದು! ಒಳಗೆ ಬೀಟೆ ಮರದ ಮಂಚ, ಸೊಳ್ಳೆಪರದೆ, ನುಸಿಗುಳಿಗೆಯ ವಾಸನೆ ಬಿಟ್ಟರೆ ನರಪಿಳ್ಳೆ ಇಲ್ಲ.

"ಯಾರಿಗೆ ಕೆಮ್ತೀರಿ ಪುಟ್ಟಸ್ವಾಮಿಯವರೆ?" ಎಂದು ಕೇಳಿದೆ.

"ನೀವು ಓದಿದೋರು, ಇತಿಹಾಸ ಹೇಳಿ. ನಾನು ಕೆಮ್ತೀನಿ. ಅವರವರ ಕೆಲಸ ಅವರವರಿಗೆ" ಎಂದರು.

ನಾನು ನಕ್ಕೆ. ಆರು ತಿಂಗಳಿಗೆ ನನಗೂ ಕೆಮ್ಮು ಅಂಟಿತು. ಮದುವೆಯಾದ ಹೊಸತರಲ್ಲಿ ನಮ್ಮ ಮನೆಯ ಕೋಣೆಯ ಬಾಗಿಲಲ್ಲೂ ಎರಡು ಸಲ ಕೆಮ್ಮಿ ನಿಂತಾಗ ನನ್ನ ಹೆಂಡತಿ ಒಳಗಿನಿಂದ, "ಶೀತ ಆಗದಾ, ಕಷಾಯ ಕಾಸ್ಲಾ?" ಎಂದಳು. ಇವತ್ತಿಗೂ ಆ ಕಷಾಯದ ಮಾತು ನಮ್ಮ ಮನೆಯಲ್ಲಿ ನಡೆಯುತ್ತದೆ.

ನನ್ನ ಮೊದಲ ದಿನದ ವಿವರಣೆಯ ಕಥೆಯನ್ನೂ ಹೇಳಿಬಿಡುತ್ತೇನೆ, ನೀವೂ ಹಾಗೇ ಮಾಡುತ್ತೀರಿ. ಹುಲ್ಲಹಳ್ಳಿ ಸಂತೆ ಮುಗಿಸಿಕೊಂಡು ಒಂದು ಗುಂಪು ಬಂದಿತ್ತು. ನಾನು ರಾತ್ರಿಯೆಲ್ಲ ಬಾಯಿಪಾಠ ಮಾಡಿದ್ದನ್ನು ಬಿಚ್ಚಿದೆ. 'ಮೃಗಯಾವಿಹಾರ', 'ವಾಸ್ತುವಿನ್ಯಾಸ', 'ರಾಜೋಚಿತ ಆಸನವ್ಯವಸ್ಥೆ', ಉಸಿರು ತೆಗೆದುಕೊಳ್ಳದೆ ಹೇಳಿದೆ. ಜನ ಕೈಕಟ್ಟಿ, ತಲೆ ತಗ್ಗಿಸಿ ನಿಂತಿದ್ದರು. ಆಹಾ, ಎಂಥ ಶ್ರದ್ಧೆ ಎಂದು ಉಬ್ಬಿದೆ. ಮುಗಿಸಿದಾಗ ಮುಂದೆ ನಿಂತಿದ್ದ ಅಜ್ಜಿ ಬೊಗಸೆ ಚಾಚಿ, "ಮಂತ್ರ ಮುಗೀತಾ ಸಾಮಿ? ತೀರ್ತ ಕೊಡಿ" ಎಂದಳು.

ಮಾರನೆಯ ದಿನದಿಂದ ನಾನು ನಮ್ಮವ್ವನ ಹತ್ತಿರ ಮಾತಾಡುವ ಹಾಗೆ ಮಾತಾಡಲು ಕಲಿತೆ. ಆ ಅಜ್ಜಿಗೆ ನನ್ನ ಕಾಲೇಜಿನ ಮೇಷ್ಟರಿಗಿಂತ ಹೆಚ್ಚು ಋಣಿ.

ಈಗ ಹುಲಿಯ ವಿಷಯ. ಮುಂಬಾಗಿಲಿನಿಂದ ಒಳಗೆ ಕಾಲಿಟ್ಟರೆ ಎದುರಿಗೇ ದೊಡ್ಡ ಹಜಾರ. ಗೋಡೆಯ ತುಂಬ ಜಿಂಕೆ, ಕಡವೆಗಳ ಕೊಂಬು. ನಡುವೆ ಮರದ ಪೀಠದ ಮೇಲೆ ಹೊಟ್ಟು ತುಂಬಿದ ಹುಲಿ, ಗಾಜಿನ ಕಣ್ಣು, ಕೆಂಪು ಬಣ್ಣ ಬಳಿದ ಬಾಯಿ. ಬೇರೆ ಊರಿನ ಜನಕ್ಕೆ ಅದು ಸತ್ತ ಹುಲಿ. ನಮ್ಮ ಕಡೆಯ ಜನಕ್ಕೆ ಹುಲಿ ಎಂದರೆ ಮಾದಪ್ಪನ ವಾಹನ. ವಾಹನ ಇಲ್ಲಿದೆ ಎಂದ ಮೇಲೆ ಸವಾರ ಎಷ್ಟು ದೂರ ಇದ್ದಾನು? ಒಳಗೆ ಬಂದವರು "ಉಘೇ ಮಾದಪ್ಪ" ಎಂದು ಒಂದು ಕೂಗು ಹಾಕಿ, ಹಗ್ಗದ ಮೇಲಿನಿಂದ ಬಗ್ಗಿ, ಹಣೆಗೆ ವಿಭೂತಿ ಬಳಿಯುತ್ತಿದ್ದರು. ಹರಕೆ ಹೊತ್ತವರು ಹೊಸ್ತಿಲ ಕಲ್ಲಿಗೆ ತೆಂಗಿನಕಾಯಿ ಒಡೆಯುತ್ತಿದ್ದರು. ಹುಲಿಯ ಹಣೆಯ ಕೂದಲು ಸವೆದು ಸವೆದು ನಮ್ಮ ಪುಟ್ಟಸ್ವಾಮಿಯವರ ನೆತ್ತಿಯಂತೆಯೇ ಆಗಿತ್ತು. ನಾನು ಹಾಗೆಂದಾಗ ಅವರು ಹುಲಿಯ ಪರವಾಗಿ ಬೇಜಾರು ಮಾಡಿಕೊಂಡರು.

ತೊಂದರೆ ಭಕ್ತಿಯದಲ್ಲ, ಜಾಗದ್ದು. ಹುಲಿ ಮೊದಲೇ ಸಿಕ್ಕಿಬಿಡುತ್ತಿದ್ದುದರಿಂದ ಜನ ಅಲ್ಲೇ ನಿಂತುಬಿಡುತ್ತಿದ್ದರು. ಹಿಂದಿನವರು ನೂಕುತ್ತಿದ್ದರು, ಮುಂದಿನವರು ಅಲ್ಲಾಡುತ್ತಿರಲಿಲ್ಲ. ಊಟದ ಮನೆಯ ಉದ್ದನೆಯ ಮೇಜು, ಹಗ್ಗ ಎಳೆದು ಬೀಸುವ ತೂಗುಪಂಖ, ತಾಮ್ರದ ಸ್ನಾನದ ತೊಟ್ಟಿ ಇವನ್ನೆಲ್ಲ ಕೇಳುವವರಿಲ್ಲ. ಹುಲಿ ನೋಡಿದ ಮೇಲೆ ತೊಟ್ಟಿ ಯಾರಿಗೆ ಬೇಕು?

ಒಂದು ಅಮಾವಾಸ್ಯೆಯ ದಿನ, ಮಾದಪ್ಪನ ಭಕ್ತರು ಎತ್ತಿನ ಗಾಡಿಗಳಲ್ಲಿ ಬಂದಿದ್ದರು. ಅದೇ ಹೊತ್ತಿಗೆ ನಮ್ಮ ಮೇಲಧಿಕಾರಿಗಳು ಮೈಸೂರಿನಿಂದ ಇಬ್ಬರು ಅತಿಥಿಗಳನ್ನು ಕರೆದುಕೊಂಡು ಜೀಪಿನಲ್ಲಿ ಇಳಿದರು. ಸಾಹೇಬರು ಒಳ್ಳೆಯವರೇ. ಬೂಟಿಗೆ ಪಾಲಿಶ್ ಮಾಡಿಸಿದ ದಿನ ಮಾತ್ರ ಸ್ವಲ್ಪ ಕೋಪ ಜಾಸ್ತಿ. ಅವತ್ತು ಪಾಲಿಶ್ ಆಗಿತ್ತು. ಹೊಸ್ತಿಲಲ್ಲಿ ಅವರು ಕಾಲಿಡುವುದಕ್ಕೂ ಯಾರೋ ಕಾಯಿ ಒಡೆಯುವುದಕ್ಕೂ ಸರಿಹೋಯಿತು. ಕಾಯಿನೀರೆಲ್ಲ ಬೂಟಿನೊಳಕ್ಕೆ. ಒಡೆದವನು ಬಹಳ ಸಮಾಧಾನದಿಂದ, "ಒಳ್ಳೇದಾಯ್ತದೆ ಬುಡಿ ಸಾ, ದೇವ್ರ ನೀರು" ಎಂದ.

ಸಾಹೇಬರು ಹಜಾರದ ಹೊರಗೇ ಬಹಳ ಹೊತ್ತು ನಿಂತರು. ಆಮೇಲೆ ಕಚೇರಿಯ ಕೋಣೆಗೆ ನನ್ನನ್ನು ಕರೆದು, ಕಾಲುಚೀಲ ಹಿಂಡುತ್ತಾ, "ಏನ್ರೀ ಇದು, ಅರಮನೆಯೋ ಮಾದಪ್ಪನ ಗುಡೀನೋ? ಈ ಹುಲಿನ ಮೈಸೂರಿಗೆ ಸಾಗಿಸಿಬಿಡೋಣ" ಎಂದರು.

"ಹುಲಿ ಹೋದ್ರೆ ಜನ ಬರಲ್ಲ ಸರ್. ಜನ ಬರದಿದ್ರೆ ನಾನ್ಯಾಕೆ, ನೀವ್ಯಾಕೆ?" ಎಂದೆ. ನನ್ನ ಬಾಯಿಗೆ ಆಗ ಬೀಗ ಇರಲಿಲ್ಲ.

"ಹಾಗಾದ್ರೆ ಏನ್ ಮಾಡೋಣ ಅಂತೀರಿ?"

ಆ ಉತ್ತರ ಎಲ್ಲಿಂದ ಬಂತೋ ನಾನು ಇವತ್ತಿಗೂ ಸರಿಯಾಗಿ ಹೇಳಲಾರೆ. ಕಿಟಕಿಯಾಚೆ ಹಿತ್ತಿಲು ಕಾಣುತ್ತಿತ್ತು. ಹುಣಸೆ ಮರದ ಕೆಳಗೆ ಅಪ್ಪ ಬುತ್ತಿ ಇಟ್ಟುಕೊಂಡು ಕೂತಿದ್ದ.

"ದಾರಿ ತಿರುಗಿಸೋಣ ಸರ್. ಹಿತ್ತಿಲ ಬಾಗಿಲಿನಿಂದ ಜನರನ್ನ ಒಳಗೆ ಬಿಡೋಣ. ಅಡುಗೆಮನೆ, ಊಟದ ಮನೆ, ಮಲಗೋ ಕೋಣೆ, ಎಲ್ಲಾ ನೋಡ್ಕೊಂಡು ಕೊನೆಗೆ ಹಜಾರ. ಹುಲಿ ಕೊನೆಗಿರಲಿ. ಅಲ್ಲಿ ಕೈ ಮುಗಿದು ಮುಂಬಾಗಿಲಿನಿಂದ ಇಳಿದು ಹೋಗ್ತಾರೆ. ಕಾಯಿ ಒಡೆಯೋದಿದ್ರೆ ಮೆಟ್ಟಿಲ ಕೆಳಗೆ ಒಂದು ಕಲ್ಲು ಹಾಕ್ಸೋಣ."

ಸಾಹೇಬರು ಯೋಚಿಸಿದರು. ಕಾಲುಚೀಲ ಇನ್ನೊಂದು ಸಲ ಹಿಂಡಿದರು. "ಮಾಡಿ" ಎಂದರು. ಎದ್ದು ಹೋಗುವಾಗ, "ಅಂದ ಹಾಗೆ ಸಿದ್ದರಾಜು, ನಿಮ್ಮನ್ನ ತಿ. ನರಸೀಪುರದ ಕಡೆಗೆ ಹಾಕಬೇಕು ಅಂತ ಮೇಲಿನಿಂದ ಬಂದಿದೆ. ಈ ತಿಂಗಳು ಕಳೀಲಿ" ಎಂದರು.

ಅಲ್ಲಿಗೆ ನನಗೆ ಉಳಿದದ್ದು ಒಂದು ತಿಂಗಳು. ಆಮೇಲೆ ಬೀಗದ ಕೈ ಇನ್ನೊಬ್ಬರ ಸೊಂಟಕ್ಕೆ.

ದಾರಿ ತಿರುಗಿಸುವ ಮಾತು ಕೇಳಿ ಪುಟ್ಟಸ್ವಾಮಿಯವರು ತಲೆಯ ಮೇಲೆ ಆಕಾಶ ಕಳಚಿ ಬಿದ್ದವರಂತಾದರು.

"ದೊರೆಗಳ ಬಂಗಲೆಗೆ ಜನ ಹಿತ್ತಿಲ ಬಾಗಿಲಲ್ಲಿ ಬರೋದೇ? ಬಂದೋರು ಮೊದಲು ನೋಡೋದು ಒಲೆ, ಬೂದಿಗುಂಡಿ! ಮಾನ ಉಳೀತದೇನ್ರೀ?"

"ನೀವು ನಿಂತಿರ್ತೀರಲ್ಲ ಬಾಗಿಲಲ್ಲಿ, ಮಾನ ನಿಮ್ಮ ಜೊತೇಲೇ ಇರ್ತದೆ" ಎಂದೆ. ಟಿಕೆಟ್ ಕೊಡುವ ಮೇಜನ್ನು ಹಿತ್ತಿಲ ಗೇಟಿಗೆ ಸಾಗಿಸಿ, ಬಾಗಿಲಲ್ಲಿ ಟಿಕೆಟ್ ಹರಿಯುವ ಕೆಲಸ ಅವರಿಗೇ ವಹಿಸಿದೆ. ಸಿಟ್ಟಿನಲ್ಲೇ ರುಮಾಲು ಸುತ್ತಿಕೊಂಡು ಹೋಗಿ ನಿಂತರು.

ಮೊದಲ ವಾರ ಗೊಣಗಾಟವಾಯಿತು. ಕಾರಿನಲ್ಲಿ ಬಂದವರಿಗೆ ಹಿತ್ತಿಲಿಗೆ ಸುತ್ತಿ ಬನ್ನಿ ಎಂದರೆ ಮುಖ ಹುಳ್ಳಗಾಗುತ್ತಿತ್ತು. ತಾಂಡವಪುರದಿಂದ ಬಂದ ಜಮೀನ್ದಾರರೊಬ್ಬರು, "ನಮ್ಮನ್ನ ಯಾರು ಅನ್ಕೊಂಡ್ರಿ?" ಎಂದು ಕೇಳಿದರು. "ಟಿಕೆಟ್ ತಗೊಂಡೋರು ಅನ್ಕೊಂಡೆ ಸ್ವಾಮಿ" ಎಂದೆ. ಬಂದರು. ಸಾಲು ಮಾತ್ರ ನೀರು ಹರಿದ ಹಾಗೆ ಹರಿಯತೊಡಗಿತು. ಕೊನೆಯಲ್ಲಿ ಹುಲಿ ಇದೆ ಎಂದು ಗೊತ್ತಿದ್ದರೆ ಜನ ತೊಟ್ಟಿಯನ್ನೂ ನೋಡುತ್ತಾರೆ, ತಟ್ಟೆಯನ್ನೂ ನೋಡುತ್ತಾರೆ. ಹೊಸಬರೆ, ನೀವು ಕೇಳಿದ 'ಯಾಕೆ'ಗೆ ಅರ್ಧ ಉತ್ತರ ಇದು.

ಉಳಿದ ಅರ್ಧ ಒಂದು ಭಾನುವಾರದ್ದು.

ಅಪ್ಪ ಎಂದಿನಂತೆ ಬಂದು ಹುಣಸೆ ಮರದ ಕೆಳಗೆ ಕೂತಿದ್ದ. ದಾರಿ ತಿರುಗಿಸಿದ್ದನ್ನು ನಾನು ಅವನಿಗೆ ಹೇಳಿರಲಿಲ್ಲ. ಈಗ ಸಾಲು ನಿಲ್ಲುವುದು ಅದೇ ಮರದ ನೆರಳಲ್ಲಿ. ಅಡುಗೆಮನೆಯ ಕಿಟಕಿಯಿಂದ ನನಗೆ ಎಲ್ಲ ಕಾಣುತ್ತಿತ್ತು. ಚಿಕ್ಕಯ್ಯನಛತ್ರದ ಕಡೆಯ ಹೆಂಗಸರ ಗುಂಪೊಂದು ಬಂದು ಅಪ್ಪನ ಹಿಂದೆ ಸಾಲುಗಟ್ಟಿತು. ಅವನೇ ಮೊದಲಿಗ ಎಂದುಕೊಂಡರು.

"ಮುಂದ್ಕ್ ಓಗಣ್ಣೋ, ಕುಂತ್ಬುಟ್ರೆ ಎಂಗೆ?" ಎಂದಳು ಒಬ್ಬಳು.

"ನಾನ್ ಸಾಲಲ್ಲಿಲ್ಲ ಕಣವ್ವ. ನಾನು ಬುತ್ತಿ ತಂದೋನು."

"ಒಳ್ಗಡೆ ಉಲಿಗಾ ಬುತ್ತಿ?" ಎಂದಳು ಇನ್ನೊಬ್ಬಳು. ಸಾಲೆಲ್ಲ ನಕ್ಕಿತು.

"ಊ ಕಣವ್ವ, ನಂದೂ ಒಂದು ಉಲಿ ಅದೆ ಒಳ್ಗೆ. ಮುದ್ದೆ ತಿಂತದೆ" ಎಂದ ಅಪ್ಪ. ಎದ್ದು ಪಕ್ಕಕ್ಕೆ ಹೋಗಲು ನೋಡಿದ. ಅಷ್ಟರಲ್ಲಿ ಬಾಗಿಲಲ್ಲಿ ನಿಂತಿದ್ದ ಪುಟ್ಟಸ್ವಾಮಿಯವರ ಕಣ್ಣಿಗೆ ಬಿದ್ದ.

ಅವರಿಬ್ಬರಿಗೂ ನನಗಿಂತ ಹಳೆಯ ಪರಿಚಯ. ಇದೇ ಬಾಗಿಲಿನಿಂದ ಅಪ್ಪನ ಎಲೆಗೆ ಅನ್ನ ಹಾಕುತ್ತಿದ್ದವರು ಪುಟ್ಟಸ್ವಾಮಿಯವರೇ. ಹಾಕುವ ಕೈ ಇತ್ತ, ಎಲೆ ಅತ್ತ. ಇಷ್ಟು ವರ್ಷ ಅವರ ನಡುವೆ ಇದ್ದದ್ದು ಆ ಹೊಸ್ತಿಲು. ನಾನು ಎಷ್ಟು ಸಲ ಕರೆದಿದ್ದರೂ ನಾನು ಮಗ, ಆ ಹೊಸ್ತಿಲಿನ ಯಜಮಾನನಲ್ಲ. ಅದು ನನಗೆ ಅಲ್ಲಿ ನಿಂತಾಗ ಹೊಳೆಯಿತು. ಪುಟ್ಟಸ್ವಾಮಿಯವರು ಏನೆನ್ನುತ್ತಾರೋ ಎಂದು ಕಿಟಕಿಗೆ ಕಿವಿಗೊಟ್ಟೆ. ಮಾನದ ಮಾತೆತ್ತಿದರೆ ಅಪ್ಪ ಇನ್ನೆಂದೂ ಈ ಕಡೆ ತಿರುಗುವುದಿಲ್ಲ.

"ಏನ್ ನಿಂಗಯ್ಯ, ಎಲೆ ತಂದಿದ್ದೀಯಾ?" ಎಂದರು ಪುಟ್ಟಸ್ವಾಮಿಯವರು.

"ಇಲ್ಲ ಬುದ್ಧಿ" ಎಂದ ಅಪ್ಪ. ಅವನ ಕೈ ತಾನಾಗಿ ಹೆಗಲ ಮೇಲಿನ ಟವಲಿಗೆ ಹೋಯಿತು.

"ತರದೇ ಇದ್ದದ್ದು ಒಳ್ಳೇದಾಯ್ತು. ಒಲೆ ಹಚ್ಚಿ ಬಹಳ ಕಾಲ ಆಯ್ತು. ಇನ್ನೇನ್ ಕೊಡ್ಲಿ ನಿನಗೆ?" ಎಂದವರು ಬಾಗಿಲಿನಿಂದ ಪಕ್ಕಕ್ಕೆ ಸರಿದು, "ಒಳಗೆ ಬಾ" ಎಂದರು.

ಅಪ್ಪ ಅವರ ಮುಖ ನೋಡಿದ. ಹೊಸ್ತಿಲು ನೋಡಿದ. ಆಮೇಲೆ ತಿರುಗಿ ಹಿತ್ತಿಲ ಗೇಟಿನ ಕಡೆಗೆ ನಡೆದುಬಿಟ್ಟ. ಮುಗಿಯಿತು ಎಂದುಕೊಂಡೆ. ಪುಟ್ಟಸ್ವಾಮಿಯವರು ಪೆಚ್ಚಾಗಿ ಟಿಕೆಟ್ ಹರಿಯತೊಡಗಿದರು.

ಸಾಲು ಅರ್ಧ ಕರಗಿರಬೇಕು. ಅಪ್ಪ ಮತ್ತೆ ಬಂದ. ಕೈಯಲ್ಲಿ ಚೀಟಿ ಹಿಡಿದುಕೊಂಡಿದ್ದ. ಕೊನೆಯಲ್ಲಿ ನಿಂತು, ಸರದಿ ಬಂದಾಗ ಚಪ್ಪಲಿ ಬಿಟ್ಟು, ಚೀಟಿ ಚಾಚಿದ.

"ನಿನಗ್ಯಾಕೋ ಚೀಟಿ, ಗೈಡಿನ ಅಪ್ಪ ನೀನು" ಎಂದರು ಪುಟ್ಟಸ್ವಾಮಿಯವರು.

"ಅರೀರಿ ಬುದ್ಧಿ. ನಾಳೆ ಯಾರಾದ್ರೂ ಪುಗ್ಸಟ್ಟೆ ಬಂದ ಅನ್ನಬಾರ್ದು."

ಹರಿದರು. ಅಪ್ಪ ಹೊಸ್ತಿಲು ದಾಟಿದ. ನಾನು ಅಲ್ಲೇ ಒಲೆಯ ಪಕ್ಕ ನಿಂತಿದ್ದೆ. ಅಪ್ಪ ನನ್ನ ಗುರುತೇ ಇಲ್ಲದವನ ಹಾಗೆ ಹೆಂಗಸರ ಹಿಂದೆ ಹೋಗಿ ನಿಂತು, "ಶುರು ಮಾಡಿ ಸಾ" ಎಂದ.

ನನ್ನ ಸೇವೆಯಲ್ಲಿ ಮಂತ್ರಿಗಳಿಗೆ, ಪರದೇಶದವರಿಗೆ ಕೋಣೆ ತೋರಿಸಿದ್ದೇನೆ. ಅವತ್ತಿನಷ್ಟು ನಾಲಗೆ ಎಂದೂ ತೊಡರಲಿಲ್ಲ. ಊಟದ ಮನೆಯಲ್ಲಿ ತೂಗುಪಂಖ ತೋರಿಸಿ, ದೊರೆಗಳು ಉಣ್ಣುವಾಗ ಇದನ್ನು ಹೊರಗೆ ಕೂತು ಹಗ್ಗದಿಂದ ಎಳೆಯುತ್ತಿದ್ದರು ಎಂದೆ. "ಎಳೆಯೋನಿಗೆ ಗಾಳಿ ಯಾರ್ ಬೀಸ್ತಿದ್ರು ಸಾ?" ಎಂದಿತು ಹಿಂದಿನಿಂದ ಗೊತ್ತಿದ್ದ ದನಿ. ಮಲಗುವ ಕೋಣೆಯ ಮುಂದೆ ನನಗೆ ಅಭ್ಯಾಸದಂತೆ ಕೆಮ್ಮು ಬಂತು. "ಒಳ್ಗ್ ಯಾರವ್ರೆ ಸಾ?" ಎಂದ. ಮಂಚ ನೋಡಿ, "ಇಷ್ಟ್ ದೊಡ್ ಮಂಚದಲ್ಲಿ ಒಬ್ರೇ ಮಲಗ್ತಿದ್ರಾ? ಕಳ್ದೋಯ್ತಿರ್ಲಿಲ್ವಾ ಸಾ?" ಎಂದ. ಹೆಂಗಸರು ಸೆರಗು ಬಾಯಿಗಿಟ್ಟುಕೊಂಡು ನಗುತ್ತಿದ್ದರು. "ಈ ಅಣ್ಣ ಬಂದಿದ್ದು ಒಳ್ಳೇದಾಯ್ತು, ಗೈಡು ಬಲು ಗಂಭೀರ" ಎಂದಳು ಒಬ್ಬಳು. "ಊ ಕಣವ್ವ, ಉಟ್ಟಿದಾಗ್ಲಿಂದ್ಲೂ ಅಂಗೆ" ಎಂದುಬಿಟ್ಟು ಅಪ್ಪ ನಾಲಗೆ ಕಚ್ಚಿಕೊಂಡ.

ಕೊನೆಗೆ ಹಜಾರ. ಹೆಂಗಸರು ಹುಲಿಗೆ ಕೈಮುಗಿದು, ವಿಭೂತಿ ಹಚ್ಚಿ, ಮುಂಬಾಗಿಲಿನಿಂದ ಇಳಿದು ಹೋದರು. ಅಪ್ಪ ಉಳಿದ. ಹುಲಿಯ ಬೋಳು ಹಣೆಯನ್ನು, ಗಾಜಿನ ಕಣ್ಣನ್ನು ಬಹಳ ಹೊತ್ತು ನೋಡಿದ. ಕೈ ಮುಗಿಯಲಿಲ್ಲ. ಹಳೆಯ ಸ್ನೇಹಿತನ ಹತ್ತಿರ ಮಾತಾಡುವವನಂತೆ, "ನೀನೂ ಇತ್ತಿಲ ಬಾಗ್ಲಿಂದ್ಲೇ ಬಂದೋನಲ್ಲೇನ್ಲಾ? ನಾವೇ ತಾನೆ ಒತ್ಕೊಂಡ್ ಬಂದಿದ್ದು, ಗಳುವಿಗೆ ಕಟ್ಟಿ. ನಿನ್ ಒಬ್ಬನ್ನ ಒಳಿಕ್ ಕರ್ಕೊಂಡ್ರು, ನಮ್ಮನ್ನ ಮರದ ಕೆಳಗೆ ಕೂರ್ಸುದ್ರು" ಎಂದ. ನಕ್ಕ.

ಮುಂಬಾಗಿಲು ತೆರೆದಿತ್ತು. ಮೆಟ್ಟಿಲ ಮೇಲೆ ಬಿಸಿಲು ಸುರಿಯುತ್ತಿತ್ತು. ಅಪ್ಪ ಹೊಸ್ತಿಲು ದಾಟಿ ಮೊದಲ ಮೆಟ್ಟಿಲಿಗೆ ಕಾಲಿಟ್ಟವನು ಚುರ್ ಎಂದು ಹಿಂದೆಗೆದ. ಕಲ್ಲು ಕಾದಿತ್ತು. ಹೆಂಗಸರು ಬರಿಗಾಲಲ್ಲಿ ಬಂದವರು, ಕಾರಿನವರು ಮೆಟ್ಟಿಕೊಂಡೇ ಸುತ್ತುವವರು; ಅಪ್ಪನ ಚಪ್ಪಲಿ ಮಾತ್ರ ಹಿತ್ತಿಲ ಬಾಗಿಲಲ್ಲಿ. ದಾರಿ ತಿರುಗಿಸುವಾಗ ನಾನೂ ಯೋಚಿಸಿರಲಿಲ್ಲ, ಸಾಹೇಬರೂ ಯೋಚಿಸಿರಲಿಲ್ಲ. ಹೊಸಬರೆ, ಇದನ್ನೂ ಗುರುತು ಹಾಕಿಕೊಳ್ಳಿ: ಬರುವ ಬಾಗಿಲು ಒಂದು, ಹೋಗುವ ಬಾಗಿಲು ಒಂದು ಎಂದರೆ ಚಪ್ಪಲಿಯ ಗತಿ ಮೊದಲು ನೋಡಿ.

ನಾನು ಅಡುಗೆಮನೆಗೆ ಓಡಿ, ಟೈರಿನ ಆ ಎರಡು ಚಪ್ಪಲಿ ಕೈಯಲ್ಲಿ ಹಿಡಿದು, ಕೋಣೆ ಕೋಣೆ ದಾಟಿ ವಾಪಸು ಬಂದೆ. ಪುಟ್ಟಸ್ವಾಮಿಯವರು ನೋಡಿದರು. ಮೆಟ್ಟಿಲ ಕೆಳಗೆ ಕಾಯಿ ಒಡೆಯುತ್ತಿದ್ದ ಹೆಂಗಸರೂ ನೋಡಿದರು.

"ಕೆಳಗಿಕ್ಲಾ ಕೂಸೆ, ಜನ ನೋಡ್ತಾವ್ರೆ. ಬಿ.ಎ. ಓದಿದೋನು" ಎಂದ ಅಪ್ಪ ಮೆಲ್ಲಗೆ.

"ನೋಡ್ಲಿ ಬುಡಪ್ಪ" ಎಂದು ಅವನ ಕಾಲ ಬಳಿ ಇಟ್ಟೆ.

ಮೆಟ್ಟಿಕೊಂಡ. ದೊರೆಗಳು ನಿಲ್ಲುತ್ತಿದ್ದ ಜಾಗದಲ್ಲೇ ನಿಂತು, ಕಣ್ಣಿಗೆ ಕೈ ಅಡ್ಡ ಹಿಡಿದು ಎದುರಿಗೆ ನೋಡಿದ. ಗುಲ್ಮೊಹರ್ ಮರಗಳ ಸಾಲು, ಗೇಟು, ಅದರಾಚೆ ರಸ್ತೆ. ಎಡಕ್ಕೆ ತಿರುಗಿದ, ಬಲಕ್ಕೆ ತಿರುಗಿದ. ಮುಖದಲ್ಲಿ ಗಲಿಬಿಲಿ. ಹುಟ್ಟಿದಾಗಿನಿಂದ ಈ ಬಂಗಲೆಯ ಬೆನ್ನಿಗೆ ಬದುಕಿದವನಿಗೆ ಅದರ ಮುಂದಿನ ಮೆಟ್ಟಿಲಿನಿಂದ ಯಾವ ಗುರುತೂ ಸಿಗುತ್ತಿರಲಿಲ್ಲ.

"ನಮ್ಮೂರು ಯಾವ್ ಕಡೀಕದೆ ಇಲ್ಲಿಂದ?" ಎಂದು ಕೇಳಿದ.

ನಾನು ಕೈ ತೋರಿಸಿದೆ. "ಇಳಿದು ಗೇಟು ದಾಟು. ಬಲಕ್ಕೆ ತಿರುಗಿದ್ರೆ ರಾಗಿ ಹೊಲ ಸಿಗ್ತದೆ. ಆಮೇಲೆ ನಿನಗೇ ಗೊತ್ತು."

"ಸರಿ ಸಾ" ಎಂದು ಅಪ್ಪ ಮುಂದಿನ ಮೆಟ್ಟಿಲು ಇಳಿದ.